ಸೆರಗಿನಲ್ಲಿದ್ದ ಚಾಕು: ಕುಮಟಾದ ಗೇರು ಕಾರ್ಖಾನೆಯಲ್ಲಿ ನನ್ನ ಅನುಭವ

ನಾನು ಈ ಕಾರ್ಖಾನೆಯ ಮ್ಯಾನೇಜರ್. ಪೀಲಿಂಗ್ ಮೇಜಿನ, ಅಂದರೆ ಗೇರು ತಿರುಳಿನ ಹೊಟ್ಟು ತೆಗೆಯುವ ಮೇಜಿನ ಹತ್ತಿರ ಹೋದಾಗಲೆಲ್ಲ ಕಾಗಾಲ ಊರಿನ ಅಕ್ಕ ಕೈಯಲ್ಲಿದ್ದ ಚಾಕುವನ್ನು ಸೆರಗಿನೊಳಗೆ ಸೇರಿಸಿ, ಮೇಜಿನ ಮೇಲಿದ್ದ ಕಾರ್ಖಾನೆಯ ಚಾಕು ಎತ್ತಿಕೊಳ್ಳುತ್ತಿದ್ದರು. ಮೊದಲು ನಾನು ಗಮನಿಸಿರಲಿಲ್ಲ. ನಾಲ್ಕೈದು ಸಲ ಆದ ಮೇಲೆ ಗೊತ್ತಾಯಿತು. ಅವರ ತಟ್ಟೆಯಲ್ಲಿ ತುಂಡಾದ ತಿರುಳು ಕಡಿಮೆ, ಸಂಜೆ ತೂಕ ಹಾಕಿದರೆ ಎಲ್ಲರಿಗಿಂತ ಜಾಸ್ತಿ. ಏನೋ ಒಂದು ಉಪಾಯ ಕಂಡುಕೊಂಡಿದ್ದಾರೆ, ಅದನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ. ಆ ಚಾಕು ಅವರೇ ತೆಗೆದು ನನ್ನ ಕೈಗೆ ಕೊಡಲು ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳು ಮತ್ತು ಅದರ ನಂತರದ ಕಥೆ ಇದು. ಸಣ್ಣ ಕಾರ್ಖಾನೆ, ಸೊಸೈಟಿ, ಹೋಟೆಲ್, ಆಸ್ಪತ್ರೆ ಯಾವುದೇ ಇರಲಿ, ಹತ್ತಾರು ಜನರ ಜೊತೆ ಕೆಲಸ ಮಾಡಿಸುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು ಕುಮಟಾದಿಂದ ಹೊನ್ನಾವರದ ಕಡೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಗೇರು ಬೀಜದ ಕಾರ್ಖಾನೆ. ಸುಮಾರು 80 ಜನ ಇದ್ದೇವೆ, ಅದರಲ್ಲಿ 70ರಷ್ಟು ಹೆಂಗಸರು. ಬಾಡ, ಕಾಗಾಲ, ಹೊಲನಗದ್ದೆ, ಧಾರೇಶ್ವರದ ಕಡೆಯಿಂದ ಬೆಳಿಗ್ಗೆ ಟೆಂಪೋದಲ್ಲಿ ಬರುತ್ತಾರೆ. ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸಿ ಆರಲು ಬಿಡುತ್ತೇವೆ. ಕಟಿಂಗ್‌ನಲ್ಲಿ ಗಟ್ಟಿ ಸಿಪ್ಪೆ ಒಡೆದು ತಿರುಳು ತೆಗೆಯುತ್ತಾರೆ. ತಿರುಳು ಬೋರ್ಮಾಕ್ಕೆ ಹೋಗುತ್ತದೆ, ಅಂದರೆ ಬಿಸಿಗಾಳಿಯ ಕೋಣೆ. ಅಲ್ಲಿ 70 ಡಿಗ್ರಿ ಆಸುಪಾಸಿನಲ್ಲಿ ಆರೇಳು ಗಂಟೆ ಒಣಗಬೇಕು. ಆಮೇಲೆ ಕೆಂಪು ಹೊಟ್ಟು ತೆಗೆಯುವ ಪೀಲಿಂಗ್, ಕೊನೆಗೆ ಗಾತ್ರ, ಬಣ್ಣ ನೋಡಿ ಬೇರೆ ಮಾಡುವ ಗ್ರೇಡಿಂಗ್. ಅಂಗಡಿಯಲ್ಲಿ ಡಬ್ಲ್ಯೂ 320 ಅಂತ ಬರೆದಿರುತ್ತದಲ್ಲ, ಅದರ ಅರ್ಥ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ಡಬ್ಲ್ಯೂ 180 ಅಂದರೆ ಇನ್ನೂ ದಪ್ಪ, ಇನ್ನೂ ದುಬಾರಿ. ಬೀಜದ ತೂಕದಲ್ಲಿ ತಿರುಳು ಸಿಗುವುದು ಕಾಲು ಭಾಗದಷ್ಟು ಮಾತ್ರ. ಆ ಕಾಲು ಭಾಗ ಇಡಿಯಾಗಿ ಹೊರಗೆ ಬರುತ್ತದೋ ತುಂಡಾಗಿ ಬರುತ್ತದೋ ಅನ್ನುವುದರ ಮೇಲೆ ಕಾರ್ಖಾನೆಯ ಲಾಭ ನಿಂತಿದೆ, ಮತ್ತು ಅದು ತೀರ್ಮಾನ ಆಗುವುದು ಪೂರ್ತಿ ಆ ಹೆಂಗಸರ ಬೆರಳ ತುದಿಯಲ್ಲಿ.

ಕೂಲಿ ಕಿಲೋ ಲೆಕ್ಕ. ಎಷ್ಟು ಕಿಲೋ ಮಾಡಿದರೋ ಅಷ್ಟಕ್ಕೆ ದುಡ್ಡು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಮಾತೂ ಇದರ ಸುತ್ತಲೇ ಬರುತ್ತದೆ.

ನಾನು ಕುಮಟಾದವಳೇ. ಓದು ಮುಗಿಸಿ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ 9 ವರ್ಷ ಗುಣಮಟ್ಟ ವಿಭಾಗದಲ್ಲಿದ್ದೆ. ಬಿಡದಿಯಲ್ಲಿ ಟೊಯೊಟಾ ಇದೆ, ಹಾಗಾಗಿ ಸುತ್ತಮುತ್ತ ಎಲ್ಲ ಕಡೆ ಕೈಜೆನ್ ಅನ್ನುವುದು ದಿನದ ಮಾತು. ದಿನಾ ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಹೋಗುವುದು, ಕೆಲಸ ಮಾಡುವವರೇ ಆ ಸುಧಾರಣೆ ಹುಡುಕುವುದು, ಇಷ್ಟೇ ಅದರ ಅರ್ಥ. ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಊರಿಗೆ ಬಂದಾಗ ಈ ಗೇರು ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತು. ನನ್ನ ತಲೆಯಲ್ಲಿ ಬಿಡದಿಯೇ ತುಂಬಿತ್ತು. ಬಂದ ತಿಂಗಳಲ್ಲೇ ಗೋಡೆಗೆ ದೊಡ್ಡ ಬೋರ್ಡ್ ಹಾಕಿಸಿದೆ: ಬೇಡದ್ದು ತೆಗೆ, ಇರುವುದನ್ನು ಜೋಡಿಸು, ಸ್ವಚ್ಛ ಮಾಡು, ಹಾಗೇ ಕಾಪಾಡು, ಶಿಸ್ತು ಇರಲಿ. ಬೀಗ ಇರುವ ಸಲಹೆ ಪೆಟ್ಟಿಗೆ ಇಡಿಸಿದೆ. ತಿಂಗಳಿಗೊಂದು ಒಳ್ಳೆಯ ಸಲಹೆಗೆ ಸ್ಟೀಲ್ ಡಬ್ಬಿ ಬಹುಮಾನ ಅಂತಲೂ ಹೇಳಿದೆ.

ಮೂರು ತಿಂಗಳಲ್ಲಿ 11 ಚೀಟಿ ಬಂದವು. ಕುಡಿಯುವ ನೀರಿನ ಡ್ರಮ್ ದೂರ ಇದೆ. ಎರಡನೇ ಸಾಲಿನ ಫ್ಯಾನ್ ತಿರುಗುವುದಿಲ್ಲ. ಟಾಯ್ಲೆಟ್ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಬಹುತೇಕ ಇಂಥವೇ. ಇವೆಲ್ಲ ದೂರು, ಸುಧಾರಣೆ ಅಲ್ಲ ಅಂತ ನಾನೇ ವಿಂಗಡಿಸಿ ಡ್ರಾಯರ್ ಒಳಗೆ ಇಟ್ಟುಬಿಟ್ಟೆ. ಉತ್ಪಾದನೆಗೆ ಸಂಬಂಧಿಸಿದ್ದು ಬರಲಿ, ನೋಡೋಣ ಅಂತ. ಈಗ ನೆನೆದರೆ ಬೇಸರವಾಗುತ್ತದೆ. ಒಂದು ದಿನ ಗ್ರೇಡಿಂಗ್‌ನ ಹಿರಿಯ ಅಕ್ಕ ಒಬ್ಬರು, ಕೆಲಸ ನಿಲ್ಲಿಸದೆ, ತಲೆ ಎತ್ತದೆ ಹೇಳಿದರು: "ಮೇಡಂ, ಆ ಪೆಟ್ಟಿಗೆಗೆ ಬೀಗ ಹಾಕಿಸಿದ್ರಿ. ಟಾಯ್ಲೆಟ್‌ಗೆ ಚಿಲಕ ಹಾಕ್ಸೂದು ಯಾವಾಗ?"

ಅವತ್ತು ಸಂಜೆಯೇ ಚಿಲಕ ತಂದು ಹಾಕಿಸಿದೆ. ಕುಮಟಾ ಪೇಟೆಯಲ್ಲಿ ನೂರು ರೂಪಾಯಿಯೂ ಆಗಲಿಲ್ಲ. 70 ಹೆಂಗಸರು ಅಷ್ಟು ದಿನ ಒಬ್ಬರು ಒಳಗೆ ಹೋದರೆ ಇನ್ನೊಬ್ಬರನ್ನು ಬಾಗಿಲ ಕಾವಲಿಗೆ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಅಂದರೆ ಪ್ರತಿ ಸಲವೂ ಇಬ್ಬರ ಕಿಲೋ ಕಡಿಮೆ. ನಾನು ದೂರು ಅಂತ ಪಕ್ಕಕ್ಕಿಟ್ಟಿದ್ದ ಚೀಟಿಯಲ್ಲಿ ಉತ್ಪಾದನೆಯ ಲೆಕ್ಕವೂ ಇತ್ತು, ಮಾನದ ಪ್ರಶ್ನೆಯೂ ಇತ್ತು. ಆ ವಾರ ಫ್ಯಾನ್ ರಿಪೇರಿ ಆಯಿತು, ನೀರಿನ ಡ್ರಮ್ ಎರಡಾಯಿತು. ಪೆಟ್ಟಿಗೆಯನ್ನು ಕಿತ್ತು ಸ್ಟೋರಿಗೆ ಹಾಕಿದೆ, ಬಹುಮಾನವನ್ನೂ ನಿಲ್ಲಿಸಿದೆ.

ಆಮೇಲೆ ದಿನಾ ಅರ್ಧ ಗಂಟೆ ಪೀಲಿಂಗ್ ಮೇಜಿಗೆ ಕೂತು ಕೆಲಸ ಕಲಿಯತೊಡಗಿದೆ. ಎರಡು ವಾರ. ಅರ್ಧ ಗಂಟೆಗೇ ಹೆಬ್ಬೆರಳು ಉರಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ಒಂದು ಹೊಟ್ಟು ಸುಮ್ನೆ ಮುಟ್ಟಿದರೆ ಉದುರುತ್ತದೆ, ಇನ್ನೊಂದು ಎಷ್ಟು ಕೆರೆದರೂ ಬರುವುದಿಲ್ಲ, ಜೋರು ಮಾಡಿದರೆ ತಿರುಳು ಎರಡು ಹೋಳು. ಇದು ಪುಸ್ತಕದ ಅಂಕಿಯಲ್ಲಿ ಕಾಣುವುದಿಲ್ಲ. ಆದರೆ ನಾನು ಪಕ್ಕದಲ್ಲಿ ಕೂತರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಚಾಕು ಸೆರಗಿನೊಳಗೇ ಇತ್ತು.

ಕಾರಣ ಗೊತ್ತಾದದ್ದು ಟೆಂಪೋದಲ್ಲಿ. ಜೂನ್ ಮಳೆಗೆ ನನ್ನ ಸ್ಕೂಟರ್ ಕೆಟ್ಟು ನಿಂತಿತ್ತು, ನಾಲ್ಕು ದಿನ ಅವರ ಜೊತೆಯೇ ಹೋಗಿ ಬಂದೆ. ಟೆಂಪೋದಲ್ಲಿ ನಾನು ಮ್ಯಾನೇಜರ್ ಅಲ್ಲ, ಸೀಟಿಗಾಗಿ ಸರಿದು ಕೂರುವ ಇನ್ನೊಬ್ಬ ಹೆಂಗಸು. ಮೂರನೇ ದಿನ ಬಾಡದ ಅಕ್ಕ ಹೇಳಿದರು, ಅವರು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಐದಾರು ಜನ ಸೇರಿ ಬೇಗ ಪೀಲಿಂಗ್ ಮಾಡುವ ರೀತಿ ಕಂಡುಹಿಡಿದರಂತೆ. ಎರಡು ತಿಂಗಳು ಒಳ್ಳೆಯ ಕೂಲಿ ಬಂತು. ಮೂರನೇ ತಿಂಗಳು, ಇಷ್ಟು ಬೇಗ ಆಗುತ್ತದೆ ಅಂದರೆ ರೇಟು ಜಾಸ್ತಿಯಾಯಿತು ಅಂತ ಕಿಲೋ ರೇಟನ್ನೇ ಇಳಿಸಿಬಿಟ್ಟರು. ಬೇಗ ಮಾಡುವವರ ಕೂಲಿ ಮೊದಲಿನಷ್ಟೇ ಆಯಿತು, ನಿಧಾನ ಮಾಡುವ ವಯಸ್ಸಾದವರಿಗೆ ಮೊದಲಿಗಿಂತ ಕಡಿಮೆ. "ಒಬ್ಬಳ ಹುಷಾರಿತನಕ್ಕೆ ಹತ್ತು ಜನರ ಅನ್ನ ಹೋಯ್ತು ತಂಗಿ. ಮತ್ತೆ ಎಂತಕ್ಕೆ ಹೇಳೂದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿದ್ದರೆ ನಾನೂ ಚಾಕು ಮುಚ್ಚಿಡುತ್ತಿದ್ದೆ.

ಅವತ್ತು ರಾತ್ರಿ ಬಿಡದಿಯ ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು. ಆಗ ಅದು ಬರೀ ಇತಿಹಾಸ ಅನ್ನಿಸಿತ್ತು. 1950ರಲ್ಲಿ ಟೊಯೊಟಾ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ಒಂದೂವರೆ ಸಾವಿರಕ್ಕೂ ಜಾಸ್ತಿ ಜನ ಕೆಲಸ ಬಿಡಬೇಕಾಯಿತು, ದೊಡ್ಡ ಮುಷ್ಕರ ಆಯಿತು, ಅಧ್ಯಕ್ಷ ಕೀಚಿರೊ ಟೊಯೊಡಾ ಅದರ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅಲ್ಲಿ ಕಾರ್ಮಿಕರ ಸಲಹೆ ಪದ್ಧತಿ ಶುರುವಾದದ್ದು ಮರುವರ್ಷ, 1951ರಲ್ಲಿ. ಆಮೇಲೆ 1962ರಲ್ಲಿ ಆಡಳಿತ ಮತ್ತು ಕಾರ್ಮಿಕ ಸಂಘ ಸೇರಿ, ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತೇವೆ ಅಂತ ಜಂಟಿ ಘೋಷಣೆ ಮಾಡಿದರು. ನಮಗೆ ತರಬೇತಿಯಲ್ಲಿ ಸಲಹೆ ಪದ್ಧತಿಯ ಫಾರಂ ಹೇಗೆ ತುಂಬುವುದು ಅಂತ ಗಂಟೆಗಟ್ಟಲೆ ಹೇಳಿಕೊಟ್ಟರು. ಆ ಮಾತುಕೊಡುವಿಕೆ ಬಗ್ಗೆ ಐದು ನಿಮಿಷ. ನಾನೂ ಕುಮಟಾಕ್ಕೆ ಬರುವಾಗ ಫಾರಂ ಮಾತ್ರ ತಂದಿದ್ದೆ.

ಮಾಲೀಕರ ಜೊತೆ ಕೂತೆ. ಅವರು ಒಳ್ಳೆಯವರು, ಆದರೆ ವ್ಯಾಪಾರಸ್ಥರು, ಭಾವನೆಯ ಮಾತಿನಿಂದ ಕೆಲಸ ಆಗುವುದಿಲ್ಲ ಅಂತ ಲೆಕ್ಕ ಬರೆದುಕೊಂಡೇ ಹೋಗಿದ್ದೆ. ದಿನಕ್ಕೆ 400 ಕಿಲೋ ತಿರುಳು ಪೀಲಿಂಗ್‌ಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಕಿಲೋಗೆ 1 ರೂಪಾಯಿ ರೇಟು ಇಳಿಸಿದರೆ ಉಳಿಯುವುದು 400 ರೂಪಾಯಿ. ಅದೇ ರೇಟು ಮುಟ್ಟದೆ, ನೂರು ಕಿಲೋದಲ್ಲಿ ಎರಡು ಕಿಲೋ ತುಂಡಾಗುವುದು ತಪ್ಪಿದರೆ ದಿನಕ್ಕೆ 8 ಕಿಲೋ ಇಡೀ ತಿರುಳು ಜಾಸ್ತಿ. ಇಡೀ ತಿರುಳಿಗೂ ತುಂಡಿಗೂ ಕಿಲೋಗೆ 150 ರೂಪಾಯಿ ಅಂತರ ಅಂತ ಹಿಡಿದರೂ 1,200 ರೂಪಾಯಿ ಆಯಿತು. ಆ ಎರಡು ಕಿಲೋ ಹೇಗೆ ಉಳಿಸುವುದು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಹೆಂಗಸರಿಗೆ ಗೊತ್ತಿದೆ. ಹೇಳಬೇಕಾದರೆ ಅವರಿಗೆ ಭಯ ಇರಬಾರದು.

ಮಾಲೀಕರು ಎರಡು ದಿನ ಯೋಚಿಸಿದರು. ಮೂರನೇ ದಿನ ಬೆಳಿಗ್ಗೆ ಎಲ್ಲರನ್ನೂ ಸೇರಿಸಿ ತಾವೇ ನಿಂತು ಎರಡು ಮಾತು ಹೇಳಿದರು. ಯಾರು ಎಷ್ಟು ಬೇಗ ಮಾಡಿದರೂ ಅದರ ಕಾರಣಕ್ಕೆ ಕಿಲೋ ರೇಟು ಇಳಿಸುವುದಿಲ್ಲ. ಕೆಲಸ ಸುಲಭವಾಯಿತು ಅಥವಾ ಮಿಷನ್ ಬಂತು ಅಂತ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಅದನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ನನ್ನ ಹಳೆಯ ಬೋರ್ಡ್ ಇದ್ದ ಜಾಗದಲ್ಲೇ ಅಂಟಿಸಿದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಯಿಮಾತನ್ನು ಅವರು ಬಹಳ ಕೇಳಿದ್ದಾರೆ, ನೋಡೋಣ ಅಂತ ಸುಮ್ಮನಿದ್ದರು.

ಇನ್ನೊಂದು ವಿಷಯ ಆಗಲೇ ಸರಿ ಮಾಡಿದ್ದು ಒಳ್ಳೆಯದಾಯಿತು. ಬಿಡದಿಯಲ್ಲಿ ಬೆಳಗಿನ ಹತ್ತು ನಿಮಿಷದ ಸಭೆಗೆ ನಮಗೆ ಸಂಬಳ ಕಡಿತ ಆಗುತ್ತಿರಲಿಲ್ಲ. ಇಲ್ಲಿ ಕಿಲೋ ಲೆಕ್ಕದಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಆ ಹತ್ತು ನಿಮಿಷದ ಕೂಲಿ ಅವರಿಗೆ ಹೋಯಿತು. ಅಂದರೆ ಸುಧಾರಣೆ ಮಾಡೋಣ ಬನ್ನಿ ಅಂತ ಕರೆದು ಅವರ ದುಡ್ಡಲ್ಲೇ ಸಭೆ ನಡೆಸಿದ ಹಾಗೆ. ಅದಕ್ಕೆ ಪ್ರತಿಯೊಬ್ಬರ ಹಿಂದಿನ ತಿಂಗಳ ಸರಾಸರಿ ತೆಗೆದು, ಸಭೆ ಇರಲಿ, ತರಬೇತಿ ಇರಲಿ, ಏನಾದರೂ ಹೊಸದು ಪ್ರಯತ್ನ ಮಾಡಿ ನೋಡುವ ಹೊತ್ತಿರಲಿ, ಅಷ್ಟಕ್ಕೂ ಸರಾಸರಿ ಕೂಲಿ ಅಂತ ಮಾಡಿದೆವು. ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿಯಾಯಿತು, ಅಷ್ಟೇ. ಕಿಲೋ ಲೆಕ್ಕ, ಒಂದೊಂದು ನಗಕ್ಕೆ ಇಷ್ಟು ಅನ್ನುವ ಲೆಕ್ಕ ಇರುವ ಯಾವ ಕಡೆಯಾದರೂ ಇದನ್ನು ಮಾಡದೆ ಮುಂದೆ ಹೋಗಬೇಡಿ.

ಸಭೆಯನ್ನೂ ಬದಲಾಯಿಸಿದೆವು. 80 ಜನರನ್ನು ಅಂಗಳದಲ್ಲಿ ನಿಲ್ಲಿಸಿ ಏನಾದರೂ ಹೇಳಿ ಅಂದರೆ ಮಾತಾಡುವುದು ಇಬ್ಬರು ಮೆಕ್ಯಾನಿಕ್‌ಗಳು ಮಾತ್ರ. ಹಾಗಾಗಿ ಎಂಟೆಂಟು ಜನರ ಮೇಜಿನಲ್ಲೇ, ಕೂತಲ್ಲೇ, ಹತ್ತು ಗಂಟೆ ಚಹಾಕ್ಕೆ ಮುಂಚೆ ಮಾತು. ಪ್ರತಿ ವಿಭಾಗದ ಗೋಡೆಗೆ ಒಂದು ದೊಡ್ಡ ಹಾಳೆ. ಏನು ತೊಂದರೆ, ಯಾರು ನೋಡುತ್ತಾರೆ, ಯಾವತ್ತಿಗೆ. ಬರೆಯಲು ಬಾರದ ಹಿರಿಯರಿದ್ದಾರೆ, ಅವರು ಹೇಳುತ್ತಾರೆ, ಪಿಯುಸಿ ಮುಗಿಸಿ ಬಂದ ಹುಡುಗಿಯರು ಬರೆಯುತ್ತಾರೆ. ನಿಯಮ ಒಂದೇ: ಎರಡು ದಿನದೊಳಗೆ ಉತ್ತರ ಕೊಡಬೇಕು. ಆಗುವುದಿಲ್ಲ ಅನ್ನುವುದೂ ಉತ್ತರವೇ, ಆದರೆ ಯಾಕೆ ಅಂತ ನಾನೇ ಹೋಗಿ ಹೇಳಬೇಕು.

ಮೊದಲ ದೊಡ್ಡ ವಿಷಯ ಬಂದದ್ದು ಜುಲೈಯಲ್ಲಿ. ನಮ್ಮ ಕಡೆ ಜುಲೈ ಅಂದರೆ ಹೇಳಬೇಕಾ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಆ ತಿಂಗಳು ತುಂಡು ಜಾಸ್ತಿಯಾಗುತ್ತಿತ್ತು. ಮಳೆಗಾಲ, ಹಾಗೇ ಆಗುತ್ತದೆ ಅಂತ ಎಲ್ಲರೂ ಒಪ್ಪಿಕೊಂಡಿದ್ದ ವಿಷಯ ಅದು. ಪೀಲಿಂಗ್‌ನ ಹಾಳೆಯಲ್ಲಿ ಒಂದು ಸಾಲು ಬಂತು: "ಊಟ ಆದ ಮೇಲೆ ಹೊಟ್ಟು ಬರೂದಿಲ್ಲ."

ಊಟದ ಮೊದಲು ಬರುತ್ತದೆಯಾ ಅಂತ ಕೇಳಿದೆ. "ಬೆಳಿಗ್ಗೆದು ಹೆಬ್ಬೆಟ್ಟಲ್ಲೇ ಉದುರ್ತದೆ. ಮಧ್ಯಾಹ್ನದ್ದು ಚಾಕು ಇಲ್ದೆ ಆಗೂದಿಲ್ಲ." ಹಾಗಾದರೆ ಇದು ಬರೀ ಮಳೆಗಾಲದ ವಿಷಯ ಅಲ್ಲ, ಬೆಳಿಗ್ಗೆಯೂ ಮಳೆಯೇ ಇತ್ತಲ್ಲ. ನಾವು ಆರು ಜನ ಸೇರಿ ಒಂದು ದಿನ ಪೂರ್ತಿ ಒಂದು ಟ್ರೇ ಹಿಂದೆ ಹೋದೆವು. ಬೋರ್ಮಾದಿಂದ ಆ ದಿನದ ತಿರುಳನ್ನೆಲ್ಲ ಬೆಳಿಗ್ಗೆ ಒಂದೇ ಸಲ ಹೊರಗೆ ತೆಗೆಯುತ್ತಿದ್ದರು. ಅರ್ಧ ಟ್ರೇಗಳು ಪಡುವಣ ಕಿಟಕಿಯ ಪಕ್ಕ ಮಧ್ಯಾಹ್ನದವರೆಗೆ ಕಾಯುತ್ತಿದ್ದವು. ಕಿಟಕಿಯಿಂದ ಸಮುದ್ರದ ಒದ್ದೆ ಗಾಳಿ. ಬೋರ್ಮಾದಲ್ಲಿ ತಿರುಳು ಒಣಗಿ ಕುಗ್ಗಿ ಹೊಟ್ಟು ಸಡಿಲವಾಗಿರುತ್ತದೆ, ನಾಲ್ಕೈದು ಗಂಟೆ ಆ ಗಾಳಿ ಕುಡಿದರೆ ಮತ್ತೆ ಅಂಟಿಕೊಳ್ಳುತ್ತದೆ. ಆಮೇಲೆ ಕೆರೆಯಬೇಕು, ಕೆರೆದರೆ ಗೀರು ಬೀಳುತ್ತದೆ ಅಥವಾ ಹೋಳಾಗುತ್ತದೆ.

ಪರಿಹಾರ ಎಲ್ಲರಿಗೂ ಹೊಳೆಯಿತು, ಎರಡು ಸಲ ತೆಗೆದರಾಯಿತು. ಅಲ್ಲೇ ಸಿಕ್ಕಿಬಿದ್ದೆವು. ಬೋರ್ಮಾ ನೋಡಿಕೊಳ್ಳುವ ಅಣ್ಣ ಹಾಳೆ ಎದುರು ನಿಂತು ನೇರವಾಗಿ ಕೇಳಿದರು: "ಅವರ ಕೈಗೆ ಸುಲಭ ಆಗ್ಲಿ ಅಂತ ನಾನು ದಿನಕ್ಕೆ ಎರಡು ಸಲ ಒಳಗೆ ಹೋಗಿ ಬೇಯ್ಬೇಕಾ?" ನ್ಯಾಯವಾದ ಮಾತು. ಆ ಕೋಣೆಯ ಬಿಸಿ ಅನುಭವಿಸಿದವರಿಗೇ ಗೊತ್ತು. ಒಲೆಗೆ ಗೇರು ಸಿಪ್ಪೆಯೇ ಉರುವಲು, ಹೊಗೆ ಕಣ್ಣಿಗೆ ಬರುತ್ತದೆ. ಒಬ್ಬರ ಸುಧಾರಣೆ ಇನ್ನೊಬ್ಬರ ಬೆನ್ನಿಗೆ ಭಾರ ಆಗುವುದು ಎಲ್ಲ ಕಡೆ ಇರುವ ಕಷ್ಟ, ಮತ್ತು ಬಹಳ ಜನ ಮ್ಯಾನೇಜರ್‌ಗಳು ಅಲ್ಲಿ ಆರ್ಡರ್ ಮಾಡಿ ಮುಗಿಸುತ್ತಾರೆ. ನನಗೂ ಹಾಗೆ ಮಾಡಿಬಿಡುವ ಮನಸ್ಸಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಡದ ಅಕ್ಕ ನನಗಿಂತ ಮುಂಚೆ ಮಾತಾಡಿದರು. ಅವರು ಆ ಅಣ್ಣನನ್ನೇ ಕೇಳಿದರು, ಒಳಗೆ ಹೋಗುವಾಗ ಯಾವುದು ಕಷ್ಟ ಅಂತ. ಅವರು ಟ್ರೇ ಹೊರುವುದು ಕಷ್ಟ ಅಂದರು. ಒಂದೊಂದೇ ಟ್ರೇ ಎರಡೂ ಕೈಯಲ್ಲಿ ಹಿಡಿದು ಹತ್ತು ಹದಿನೈದು ಸಲ ಹೋಗಿ ಬರಬೇಕಿತ್ತು.

ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಗಾಲಿ ಇರುವ ಒಂದು ಸ್ಟ್ಯಾಂಡ್ ಮಾಡಿಸಿದೆವು, ಆರು ಟ್ರೇ ಒಟ್ಟಿಗೆ ಕೂರುವ ಹಾಗೆ. ಅಳತೆ ಕೊಟ್ಟವರು ಆ ಅಣ್ಣನೇ. ಮೊದಲನೇ ಸಲ ಗಾಲಿ ಹೊಸ್ತಿಲಿಗೆ ಸಿಕ್ಕಿ ನಿಂತಿತು, ಹೊಸ್ತಿಲಿಗೆ ಸಿಮೆಂಟಿನ ಇಳಿಜಾರು ಹಾಕಿದೆವು. ಮಧ್ಯಾಹ್ನ ಅರ್ಧ ಗಂಟೆ ಕಟಿಂಗ್‌ನಿಂದ ಒಬ್ಬ ಹುಡುಗ ಸಹಾಯಕ್ಕೆ, ಅವನಿಗೂ ಸರಾಸರಿ ಕೂಲಿ. ಕಾಯುವ ಟ್ರೇಗಳಿಗೆ ಮುಚ್ಚಳ ಇರುವ ತಗಡಿನ ಡಬ್ಬಿ. ಆ ತಿಂಗಳ ಕೊನೆಗೆ ಮಧ್ಯಾಹ್ನದ ತುಂಡು ಬೆಳಗಿನಷ್ಟಕ್ಕೇ ಬಂದು ನಿಂತಿತು. ಎಲ್ಲರ ಕೂಲಿಯೂ ಸ್ವಲ್ಪ ಏರಿತು, ಅದು ಸಹಜ. ಆಮೇಲೆ ಎಲ್ಲರೂ ಕಾದದ್ದು ಒಂದನ್ನೇ: ಈಗ ರೇಟು ಇಳಿಯುತ್ತದಾ? ಆಗಸ್ಟ್ ಹೋಯಿತು, ಸೆಪ್ಟೆಂಬರ್ ಬಂತು. ರೇಟು ಇಳಿಯಲಿಲ್ಲ.

ಚವತಿ ಹಬ್ಬದ ರಜೆ ಮುಗಿಸಿ ಬಂದ ವಾರ ಕಾಗಾಲದ ಅಕ್ಕ ನನ್ನನ್ನು ಕರೆದರು. ಸೆರಗಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟರು. ತುದಿ ಸ್ವಲ್ಪ ಬಾಗಿದೆ, ಹೆಬ್ಬೆರಳಿನ ಉಗುರಿನ ಆಕಾರಕ್ಕೆ. ಅಂಚು ಮೊಂಡು. ಹಿಡಿಗೆ ಹಳೆ ಸೀರೆಯ ಪಟ್ಟಿ ಸುತ್ತಿದ್ದಾರೆ, ಬೆವರಿಗೆ ಜಾರದ ಹಾಗೆ. ತಿರುಳಿನ ಬಾಗಿದ ಬೆನ್ನಿಗೆ ಅದು ಸರಿಯಾಗಿ ಕೂರುತ್ತದೆ, ಹೊಟ್ಟಿನ ಕೆಳಗೆ ನುಗ್ಗುತ್ತದೆ, ತಿರುಳಿಗೆ ತಾಗುವುದಿಲ್ಲ. ಕಾರ್ಖಾನೆಯ ಚಾಕು ನೆಟ್ಟಗೆ, ಅದರ ತುದಿ ತಿರುಳಿಗೆ ಚುಚ್ಚುತ್ತದೆ. ಮನೆಯ ಹಿಂದೆ ಕಲ್ಲಿಗೆ ಉಜ್ಜಿ ಉಜ್ಜಿ ಅವರೇ ಮಾಡಿಕೊಂಡದ್ದು. ಎಷ್ಟು ವರ್ಷದಿಂದ ಇದೆ ಅಂತ ಕೇಳಿದೆ. "ನಾಲ್ಕು ವರ್ಷ ಆಯ್ತು ತಂಗಿ."

ಎಲ್ಲರಿಗೂ ಹೀಗೇ ಮಾಡಿಸೋಣವಾ ಅಂದೆ. ಬೇಡ ಅಂದರು. "ನನ್ನ ಕೈ ಬೇರೆ, ಅವರ ಕೈ ಬೇರೆ." ಕೇಳದೇ 30 ಚಾಕು ಆರ್ಡರ್ ಮಾಡಿದ್ದರೆ ಅರ್ಧ ಮೂಲೆಗೆ ಬೀಳುತ್ತಿದ್ದವು. ಆಚಾರಿಯ ಹತ್ತಿರ ಮೂರು ಬೇರೆ ಬೇರೆ ಬಾಗಿನ ಚಾಕು ಮಾಡಿಸಿ ಮೇಜಿನ ಮೇಲಿಟ್ಟೆವು, ಬೇಕಾದವರು ಬೇಕಾದ್ದು ತೆಗೆದುಕೊಳ್ಳಲಿ ಅಂತ. ಕೆಲವರು ಹಳೆಯದಕ್ಕೇ ವಾಪಸ್ ಹೋದರು, ಹೋಗಲಿ. ಅಕ್ಕ ಎರಡು ವಾರ ದಿನಕ್ಕೊಂದು ಗಂಟೆ ಹೊಸಬರಿಗೆ ಕೈ ತಿರುಗಿಸುವುದು ಹೇಳಿಕೊಟ್ಟರು. ಆ ಗಂಟೆಗೆ ಅವರ ಸರಾಸರಿ ಕೂಲಿ, ಮತ್ತು ಅವರ ಸರಾಸರಿ ಕಾರ್ಖಾನೆಯಲ್ಲೇ ಜಾಸ್ತಿ.

ಕಟಿಂಗ್ ವಿಭಾಗದ್ದು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಕಾಲಿನಿಂದ ಒತ್ತುವ ಮಿಷನ್, ಎತ್ತರ ಕಡಿಮೆ ಇರುವವರ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ಒಬ್ಬರು ಮನೆಯಿಂದ ಅಡುಗೆಮನೆಯ ಮಣೆ ತಂದು ಕಾಲಡಿಗೆ ಇಟ್ಟುಕೊಂಡಿದ್ದರು. ಬಡಗಿಯ ಹತ್ತಿರ ಹತ್ತು ಮಣೆ ಮಾಡಿಸಿದೆವು, ಸೊಂಟ ನೋವಿನ ಮಾತು ಕಡಿಮೆಯಾಯಿತು. ಗೇರು ಸೊನೆ ಚರ್ಮ ಸುಡುತ್ತದೆ. ಗ್ಲೌಸ್ ಕೊಟ್ಟಿದ್ದೆವು, ಹಾಕುವುದಿಲ್ಲ ಅಂತ ನಾನು ಬೇಸರ ಮಾಡಿಕೊಂಡಿದ್ದೆ. ಕೇಳಿದ ಮೇಲೆ ಗೊತ್ತಾಯಿತು, ಎಲ್ಲ ಗಂಡಸರ ಅಳತೆ, ಬೆರಳ ತುದಿ ಖಾಲಿ ನಿಂತು ಬ್ಲೇಡಿಗೆ ಸಿಕ್ಕುತ್ತಿತ್ತು.

ಎಲ್ಲವೂ ಹೀಗೆ ಮೇಲಕ್ಕೇ ಹೋಗಲಿಲ್ಲ. ಮರುವರ್ಷ ದೀಪಾವಳಿಗೆ ಮುಂಚೆ ದೊಡ್ಡ ಆರ್ಡರ್ ಬಂತು. ಐದು ವಾರ ಸಭೆ ನಿಂತುಹೋಯಿತು, ಹಾಳೆಯ ಮೇಲೆ ಧೂಳು ಕೂತಿತು, ಎರಡು ದಿನದ ನಿಯಮವನ್ನು ನಾನೇ ಮುರಿದೆ. ಅದಕ್ಕಿಂತ ಕೆಟ್ಟದ್ದು, ಒಬ್ಬ ಮೇಲ್ವಿಚಾರಕ ಗ್ರೇಡಿಂಗ್‌ನ ಹಾಳೆಯಲ್ಲಿ ತಪ್ಪಿನ ಎದುರು ಒಬ್ಬ ಹೆಂಗಸಿನ ಹೆಸರು ಬರೆದ. ಅವಳು ಆರಿಸಿದ ಡಬ್ಬಿಯಲ್ಲಿ ಕಪ್ಪು ಚುಕ್ಕೆಯ ತಿರುಳು ಸೇರಿತ್ತು ಅಂತ. ಇಡೀ ವಿಭಾಗ ಓದಿತು. ಅವಳು ಮರುದಿನದಿಂದ ಬರಲಿಲ್ಲ. ಹಾಳೆಗೆ ಒಂದು ವಾರ ಯಾರೂ ಏನೂ ಬರೆಯಲಿಲ್ಲ.

ಧಾರೇಶ್ವರದ ಹತ್ತಿರ ಅವಳ ಮನೆಗೆ ಹೋದೆ. ಅವಳ ಅತ್ತೆ ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಅವಳು ಒಳಗಿನಿಂದ ಬರಲು ಬಹಳ ಹೊತ್ತು ಮಾಡಿದಳು. ತಪ್ಪಾಯಿತು ಅಂತ ಅತ್ತೆಯ ಎದುರೇ ಹೇಳಿದೆ, ಹೆಸರು ಬರೆದದ್ದು ಅವನಾದರೂ ಅದನ್ನು ಬರೆಯಬಾರದು ಅಂತ ಮೊದಲೇ ಹೇಳದಿದ್ದವಳು ನಾನು. ಆಮೇಲೆ ಅವಳೇ ಹೇಳಿದಳು, ಸಂಜೆ ಐದರ ಮೇಲೆ ತನ್ನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಮಿಣುಕುತ್ತದೆ, ಚುಕ್ಕೆ ಕಾಣುವುದಿಲ್ಲ ಅಂತ. ಹಾಳೆಯಲ್ಲಿ ಅವಳ ಹೆಸರಿನ ಎರಡು ಸಾಲು ಮೇಲೆ, ನಾಲ್ಕು ವಾರದ ಹಿಂದಿನ ತಾರೀಖಿನಲ್ಲಿ, "ಲೈಟು ಸರಿ ಇಲ್ಲ" ಅಂತ ಬರೆದಿತ್ತು. ಬರೆಸಿದವಳು ಅವಳೇ.

ಅವಳು ನಾಲ್ಕು ದಿನದ ಮೇಲೆ ವಾಪಸ್ ಬಂದಳು. ಲೈಟುಗಳೆಲ್ಲ ಬದಲಾದವು. ಅವತ್ತಿನಿಂದ ಹಾಳೆಯಲ್ಲಿ ತೊಂದರೆಯ ಎದುರು ಯಾರ ಹೆಸರೂ ಬರೆಯುವಂತಿಲ್ಲ. ಸರಿ ಮಾಡುವ ಹೊಣೆ ಹೊತ್ತವರ ಹೆಸರು ಮಾತ್ರ. ಆರ್ಡರ್ ಎಷ್ಟೇ ದೊಡ್ಡದಿರಲಿ ಹತ್ತು ಗಂಟೆಯ ಮಾತು ನಿಲ್ಲುವುದಿಲ್ಲ. ಆ ಮೇಲ್ವಿಚಾರಕನನ್ನು ತೆಗೆಯಬೇಕು ಅಂತ ಕೆಲವರು ಹೇಳಿದರು, ನಾನು ತೆಗೆಯಲಿಲ್ಲ. ಅವನಿಗೂ ಆ ಐದು ವಾರ ನಿದ್ದೆ ಇರಲಿಲ್ಲ, ಮತ್ತು ತಪ್ಪಿಗೆ ಯಾರು ಕಾರಣ ಅಂತ ಹುಡುಕುವುದನ್ನು ಅವನು ಹಿಂದೆ ಕೆಲಸ ಮಾಡಿದ ಕಡೆಯೆಲ್ಲ ಕಲಿತು ಬಂದಿದ್ದ. ಈಗ ಅವನೇ ಮೊದಲು ಕೇಳುತ್ತಾನೆ, ಎಲ್ಲಿ ಏನು ಸರಿ ಇಲ್ಲ ಅಂತ.

ಮಾಲೀಕರ ಎರಡನೇ ಮಾತಿಗೂ ಪರೀಕ್ಷೆ ಬಂತು. ಬಣ್ಣ ನೋಡಿ ತಿರುಳು ಬೇರೆ ಮಾಡುವ ಮಿಷನ್ ತಂದೆವು, ಗ್ರೇಡಿಂಗ್‌ನಲ್ಲಿ ಆರು ಜನರ ಕೆಲಸ ಕಡಿಮೆಯಾಯಿತು. ಯಾರನ್ನೂ ಕಳಿಸಲಿಲ್ಲ. ಕಾಲು ಕಿಲೋ, ಅರ್ಧ ಕಿಲೋ ಪ್ಯಾಕೆಟ್ ಮಾಡಿ ಗೋಕರ್ಣ, ಮುರುಡೇಶ್ವರಕ್ಕೆ ಬರುವ ಪ್ರವಾಸಿಗರಿಗೆ ಮಾರುವ ಅಂಗಡಿಗಳಿಗೆ ಕೊಡಲು ಶುರು ಮಾಡಿದೆವು. ಐದು ಜನ ಹೊಂದಿಕೊಂಡರು. ಒಬ್ಬರಿಗೆ ಇಷ್ಟವಾಗಲಿಲ್ಲ. ಇಪ್ಪತ್ತು ವರ್ಷ ಕಣ್ಣಳತೆಯಲ್ಲೇ 240, 320 ಬೇರೆ ಮಾಡಿದವರಿಗೆ ಪ್ಯಾಕೆಟ್ ಅಂಟಿಸುವುದು ಕೆಲಸ ಅನ್ನಿಸಲಿಲ್ಲ. ಕೂಲಿ ಅಷ್ಟೇ ಇದೆ, ಮನಸ್ಸು ಇಲ್ಲ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಮಿಷನ್‌ನಿಂದ ಬಂದದ್ದನ್ನು ಕೊನೆಗೊಮ್ಮೆ ಪರೀಕ್ಷೆ ಮಾಡುವ ಕೆಲಸ ಅವರಿಗೆ ಕೊಡಿ ಅಂತ ಪೀಲಿಂಗ್‌ನವರು ಹಾಳೆಯಲ್ಲಿ ಬರೆದಿದ್ದಾರೆ, ಬರುವ ತಿಂಗಳು ನೋಡುತ್ತೇವೆ.

ಈ ವಾರ ಪೀಲಿಂಗ್‌ನ ಹಾಳೆಯಲ್ಲಿ ಮೂರು ಸಾಲು ಇವೆ. ಒಂದು ಟೆಂಪೋ ತಡವಾಗುವುದರ ಬಗ್ಗೆ. ಇನ್ನೊಂದು, ನಾಟಿಯ ಸಮಯದಲ್ಲಿ ಯಾರು ಯಾವ ದಿನ ಗದ್ದೆಗೆ ಹೋಗುವುದು ಅಂತ ಮೊದಲೇ ಬರೆದುಕೊಳ್ಳೋಣ, ಒಂದೇ ದಿನ ಎಲ್ಲರೂ ರಜೆ ಆಗುವುದು ತಪ್ಪುತ್ತದೆ ಅಂತ. ಮೂರನೆಯದು, ದಪ್ಪ ಅಕ್ಷರದಲ್ಲಿ: "ತುಂಡು ಕಡಿಮೆ ಮಾಡಿದ್ದೇವೆ. ಕಿಲೋ ರೇಟು ಜಾಸ್ತಿ ಮಾಡಬೇಕು."

ಗೇರು ಉದ್ಯಮಕ್ಕೆ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಅದನ್ನು ನಾವು ಕೊಡುತ್ತೇವೆ. ಅವರು ಕೇಳುತ್ತಿರುವುದು ಅದರ ಮೇಲಿನದು, ಇಡೀ ತಿರುಳು ಜಾಸ್ತಿ ಬಂದದ್ದರಲ್ಲಿ ತಮ್ಮ ಪಾಲು. ಎರಡು ದಿನದಲ್ಲಿ ಇದಕ್ಕೆ ಉತ್ತರ ಕೊಡಲು ಆಗಲಿಲ್ಲ. ಅದನ್ನೂ ಹೋಗಿ ಹೇಳಿ ಒಂದು ವಾರ ಕೇಳಿಕೊಂಡೆ. ಕಾಗಾಲದ ಅಕ್ಕ ಹಾಳೆಯಲ್ಲಿ ತಾರೀಖು ತಿದ್ದಿಸಿ ಶನಿವಾರ ಅಂತ ಬರೆಸಿದ್ದಾರೆ. ಮಾಲೀಕರೂ ನಾನೂ ಮೂರು ರಾತ್ರಿಯಿಂದ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತಿದ್ದೇವೆ. ಕೊಡಬೇಕು ಅನ್ನುವುದರಲ್ಲಿ ಇಬ್ಬರಿಗೂ ಸಂಶಯ ಇಲ್ಲ, ಎಷ್ಟು ಅನ್ನುವುದು ಇನ್ನೂ ಮುಗಿದಿಲ್ಲ. ಇವತ್ತು ಗುರುವಾರ.